ಬರ್ಲಿನ್‌ಗೆ ಸಂಸಾರ ಸಮೇತ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು, ನನ್ನ ಗಂಡ, ಮೂರು ವರ್ಷದ ಮಗಳು ಬರ್ಲಿನ್‌ಗೆ ಬಂದಿಳಿದು ಒಂಬತ್ತು ವರ್ಷವಾಯಿತು. ಅವರಿಗೆ ಇಲ್ಲಿ ಕೆಲಸ ಸಿಕ್ಕಿತ್ತು. ನಾನು ಕೆಲಸ ಬಿಟ್ಟು ಜೊತೆಗೆ ಹೊರಟೆ. ಈಗ ಹೊಸದಾಗಿ ಬಂದ ಕನ್ನಡದವರು ಫೋನ್ ಮಾಡುತ್ತಾರೆ, ಬರೆದು ಕೇಳುತ್ತಾರೆ, ಪಾರ್ಕಿನಲ್ಲಿ ನಮ್ಮ ಮಾತು ಕಿವಿಗೆ ಬಿದ್ದು ಬಂದು ಮಾತಾಡಿಸುತ್ತಾರೆ. ಕೇಳುವುದು ಹೆಚ್ಚುಕಡಿಮೆ ಅದನ್ನೇ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆ ಇಟ್ಟು, ಕೆಳಗೆ ಉತ್ತರ ಬರೆದಿದ್ದೇನೆ. ದುಡ್ಡಿನ ಲೆಕ್ಕ ಬದಲಾಗುತ್ತಿರುತ್ತದೆ. ಬೇಕಾದ ಕಡೆ ಯಾವ ವರ್ಷದ್ದು ಅಂತ ಪಕ್ಕದಲ್ಲೇ ಹಾಕಿದ್ದೇನೆ.

## ಬಂದ ಹೊಸದರಲ್ಲಿ

ಬಂದ ತಕ್ಷಣ ಮೊದಲು ಏನು ಮಾಡ್ಬೇಕು? ಬ್ಯಾಂಕಾ, ಸಿಮ್ಮಾ, ಇನ್ಶೂರೆನ್ಸಾ?

ಮೊದಲು ವಿಳಾಸ ನೋಂದಾಯಿಸಿ. ಇದಕ್ಕೆ ಇಲ್ಲಿ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಸೇರಿದ ಎರಡು ವಾರದೊಳಗೆ ಮಾಡಬೇಕು ಅಂತ ಕಾನೂನೇ ಇದೆ. ಉಳಿದದ್ದೆಲ್ಲ ಇದರ ಬೆನ್ನಿಗೇ ಬರುತ್ತದೆ. ಇದಾದ ಮೇಲೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಮಕ್ಕಳ ಶಾಲೆ ಯಾವುದು ಅನ್ನುವುದೂ ಇದೇ ವಿಳಾಸದ ಮೇಲೆ ತೀರ್ಮಾನವಾಗುತ್ತದೆ.

ಬ್ಯುರ್ಗರ್‌ಆಮ್ಟ್ ಅನ್ನುವ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಕು. ಬರ್ಲಿನ್‌ನಲ್ಲಿ 12 ಜಿಲ್ಲೆಗಳಿವೆ, ಯಾವ ಜಿಲ್ಲೆಯ ಕಚೇರಿಗೆ ಬೇಕಾದರೂ ಹೋಗಬಹುದು. ಮನೆ ಹತ್ತಿರದ್ದೇ ಸಿಗಲಿ ಅಂತ ಕಾಯಬೇಡಿ. ಬೇಗ ಸಿಗದಿದ್ದರೆ, ಸಿಕ್ಕ ದಿನದ್ದು ತೆಗೆದುಕೊಂಡು ಅದರ ಪುರಾವೆ ಜೋಪಾನ ಮಾಡಿ. ಪಾಸ್‌ಪೋರ್ಟ್, ಮದುವೆ ಪತ್ರ, ಮಕ್ಕಳ ಜನನ ಪತ್ರ, ಜೊತೆಗೆ ನೀವು ಆ ಮನೆ ಸೇರಿದ್ದೀರಿ ಅಂತ ಮನೆ ಮಾಲೀಕರು ಸಹಿ ಮಾಡಿದ ಒಂದು ಕಾಗದ ಬೇಕು. ಆ ಕೊನೆಯ ಕಾಗದದಲ್ಲೇ ಎಷ್ಟೋ ಜನ ಸಿಕ್ಕಿಬೀಳುತ್ತಾರೆ. ತಾತ್ಕಾಲಿಕ ಮನೆ ಬುಕ್ ಮಾಡುವಾಗಲೇ "ಇಲ್ಲಿ ಆನ್‌ಮೆಲ್ಡುಂಗ್ ಮಾಡಿಕೊಡುತ್ತೀರಾ?" ಅಂತ ಬರಹದಲ್ಲಿ ಕೇಳಿ. ಇಲ್ಲ ಅಂದರೆ ಆ ಮನೆ ಎಷ್ಟು ಚೆನ್ನಾಗಿದ್ದರೂ ಬೇಡ.

ಫಾರಂನಲ್ಲಿ ಧರ್ಮ ಯಾವುದು ಅಂತ ಕೇಳುತ್ತದೆ. ಅದು ಚರ್ಚ್ ತೆರಿಗೆಗೆ. ಆ ತೆರಿಗೆ ಕಟ್ಟಿಸಿಕೊಳ್ಳುವ ಚರ್ಚುಗಳಿಗೆ ಸೇರಿದವರಿಗೆ ಬರ್ಲಿನ್‌ನಲ್ಲಿ ಆದಾಯ ತೆರಿಗೆಯ ಮೇಲೆ ಇನ್ನೂ 9% ಬೀಳುತ್ತದೆ. ಬೇರೆಯವರಿಗೆ ಏನೂ ಇಲ್ಲ.

ಬಿಲ್ಡಿಂಗ್ ನಂಬರ್ ಇದೆ, ಫ್ಲಾಟ್ ನಂಬರೇ ಇಲ್ವಲ್ಲ. ನಮ್ಮ ಪತ್ರ ನಮಗೆ ಹೇಗೆ ಬರುತ್ತೆ?

ಹೆಸರು ನೋಡಿ ಹಾಕುತ್ತಾರೆ. ಕೆಳಗೆ ಬೆಲ್ ಪಕ್ಕ, ಅಂಚೆ ಡಬ್ಬದ ಮೇಲೆ ಮನೆಯವರ ಹೆಸರು ಇರುತ್ತದೆ. ಅಂಚೆಯವರು ಕವರಿನ ಮೇಲಿನ ಹೆಸರನ್ನು ಡಬ್ಬದ ಹೆಸರಿಗೆ ಹೊಂದಿಸಿ ಹಾಕಿ ಹೋಗುತ್ತಾರೆ. ಹೆಸರು ಇಲ್ಲದಿದ್ದರೆ ಪತ್ರ ವಾಪಸ್ಸು.

ನಮ್ಮಂಥವರಿಗೆ ಇಲ್ಲೇ ಪೆಟ್ಟು. ಇಲ್ಲಿ ಒಂದು ಮನೆಗೆ ಒಂದೇ ಮನೆತನದ ಹೆಸರು ಇರುವುದು ಮಾಮೂಲು. ನಮ್ಮಲ್ಲಿ ಗಂಡನದ್ದೊಂದು, ಹೆಂಡತಿಯದ್ದೊಂದು, ಮಗುವಿಗೆ ಅಪ್ಪನ ಹೆಸರು. ನಾವು ಡಬ್ಬದ ಮೇಲೆ ನನ್ನ ಗಂಡನ ಹೆಸರು ಮಾತ್ರ ಅಂಟಿಸಿದ್ದೆವು. ಅವರ ಪತ್ರಗಳೆಲ್ಲ ಬಂದವು. ನನ್ನ ತೆರಿಗೆ ಸಂಖ್ಯೆ, ಇನ್ಶೂರೆನ್ಸ್ ಕಾರ್ಡ್ ಯಾವುದೂ ಬರಲಿಲ್ಲ. ಆರು ವಾರ ಕಾದ ಮೇಲೆ ಮೇಲಿನ ಮನೆಯ ಅಜ್ಜಿ ಡಬ್ಬ ತೋರಿಸಿ, ಬೆರಳಿನಲ್ಲಿ ನನ್ನ ಕಡೆ ಸನ್ನೆ ಮಾಡಿ "ನಿನ್ನ ಹೆಸರೆಲ್ಲಿ?" ಅಂತ ಕೇಳಿದರು. ಅವತ್ತೇ ಮೂರೂ ಜನರ ಹೆಸರು ಬರೆದು ಅಂಟಿಸಿದೆ. ನೀವು ಮೊದಲ ದಿನವೇ ಅಂಟಿಸಿ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಬರೆಯಿರಿ.

ಪಾಸ್‌ಪೋರ್ಟಲ್ಲಿ ಸರ್‌ನೇಮ್ ಖಾಲಿ ಇದೆ. ತೊಂದ್ರೆ ಆಗುತ್ತಾ?

ಆಗುತ್ತದೆ. ಇಲ್ಲಿನ ಫಾರಂಗಳು ಎರಡು ಹೆಸರು ಕೇಳಿಯೇ ಕೇಳುತ್ತವೆ. ಒಂದು ಕಚೇರಿಯವರು ನಿಮ್ಮ ಹೆಸರನ್ನು ಒಂದು ರೀತಿ ಒಡೆಯುತ್ತಾರೆ, ಬ್ಯಾಂಕಿನವರು ಇನ್ನೊಂದು ರೀತಿ. ಆಮೇಲೆ ಎರಡು ಹೆಸರೂ ಒಬ್ಬರದ್ದೇ ಅಂತ ನೀವೇ ಸಾಬೀತು ಮಾಡಬೇಕು. ಇನ್ನೂ ಊರಲ್ಲೇ ಇದ್ದರೆ, ವೀಸಾಗೆ ಅರ್ಜಿ ಹಾಕುವ ಮೊದಲು ಪಾಸ್‌ಪೋರ್ಟ್‌ನಲ್ಲಿ ಹೆಸರು ಎರಡು ಭಾಗ ಮಾಡಿಸಿ. ಬಂದಾಗಿದ್ದರೆ, ಆನ್‌ಮೆಲ್ಡುಂಗ್ ಕಾಗದದಲ್ಲಿ ಹೇಗೆ ಬಂದಿದೆಯೋ ಎಲ್ಲ ಕಡೆ ಹಾಗೆಯೇ ಬರೆಸಿ.

ಮೂರು ತ್ಸಿಮ್ಮರ್ ಅಂದ್ರೆ ಮೂರು ಬೆಡ್‌ರೂಮಾ? ಬಾಡಿಗೆ ಎರಡೆರಡು ಯಾಕೆ ಬರೆದಿರ್ತಾರೆ?

ಇಲ್ಲ. ಇಲ್ಲಿ ಹಾಲನ್ನೂ ಕೋಣೆ ಅಂತಲೇ ಎಣಿಸುತ್ತಾರೆ. ಮೂರು ತ್ಸಿಮ್ಮರ್ ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಬೆಡ್‌ರೂಮು, ಒಂದು ಹಾಲು. ಅಡುಗೆಮನೆ, ಬಚ್ಚಲು ಲೆಕ್ಕಕ್ಕಿಲ್ಲ.

ಕಾಲ್ಟ್‌ಮೀಟೆ ಅಂದರೆ ಬರೀ ಮನೆ ಬಾಡಿಗೆ. ವಾರ್ಮ್‌ಮೀಟೆ ಅಂದರೆ ನೀರು, ಕಸ, ಸಾಮಾನ್ಯವಾಗಿ ಹೀಟಿಂಗ್ ಕೂಡ ಸೇರಿದ್ದು. ಕರೆಂಟು, ಇಂಟರ್ನೆಟ್ ಬಹುತೇಕ ಬೇರೆ. ಅಡ್ವಾನ್ಸ್ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ಒಂದೇ ಸಲ ಕೊಡಿ ಅಂದರೆ ಗಾಬರಿ ಬೇಡ, ಕಾನೂನು ನಿಮ್ಮ ಕಡೆ ಇದೆ.

ಅಡುಗೆಮನೆ ಖಾಲಿ ಕೊಡುವ ಮನೆಗಳೂ ಇವೆ. ಖಾಲಿ ಅಂದರೆ ಸಿಂಕೂ ಇಲ್ಲ, ಒಲೆಯೂ ಇಲ್ಲ. ಜಾಹೀರಾತಿನಲ್ಲಿ ಅಡುಗೆಮನೆ ಸೇರಿದೆಯಾ ಅಂತ ನೋಡಿಕೊಳ್ಳಿ. ಮನೆ ನೋಡದೆ, ಕೀ ತೋರಿಸದೆ ದುಡ್ಡು ಕಳಿಸಿ ಅನ್ನುವವರಿಗೆ ಒಂದು ಯೂರೋ ಕೂಡ ಕಳಿಸಬೇಡಿ. ಬಂದ ಹೊಸದರಲ್ಲಿ ಮನೆಗಾಗಿ ಒದ್ದಾಡುವಾಗ ಇಂಥ ಮೋಸಕ್ಕೆ ಬೀಳುವುದು ತುಂಬ ಸುಲಭ.

ಟಿವಿನೇ ಇಲ್ಲ. ಆದ್ರೂ ಟಿವಿ ದುಡ್ಡು ಕಟ್ಟಿ ಅಂತ ಪತ್ರ ಬಂದಿದೆ. ಮೋಸನಾ?

ಮೋಸ ಅಲ್ಲ. ಸಾರ್ವಜನಿಕ ರೇಡಿಯೋ, ಟಿವಿಗೆ ಪ್ರತಿ ಮನೆಯೂ ಕಟ್ಟಬೇಕಾದ ಶುಲ್ಕ ಅದು. 2021ರ ಆಗಸ್ಟ್‌ನಿಂದ ತಿಂಗಳಿಗೆ 18.36 ಯೂರೋ. ತಲೆಗೆ ಒಂದಲ್ಲ, ಮನೆಗೆ ಒಂದು. ಗಂಡ ಹೆಂಡತಿ ಇಬ್ಬರಿಗೂ ಪತ್ರ ಬಂದರೆ, ಒಬ್ಬರ ಶುಲ್ಕದ ಸಂಖ್ಯೆ ಬರೆದು ಇನ್ನೊಬ್ಬರದ್ದು ಬೇಡ ಅಂತ ಉತ್ತರ ಕಳಿಸಿ. ಸುಮ್ನೆ ಬಿಟ್ಟರೆ ಬಾಕಿ ಬೆಳೆಯುತ್ತದೆ.

ಹೆಲ್ತ್ ಇನ್ಶೂರೆನ್ಸ್ ಪಬ್ಲಿಕ್ ತಗೊಳ್ಳೋದಾ, ಪ್ರೈವೇಟಾ? ಪ್ರೈವೇಟ್ ಅಗ್ಗ ಅಂತಾರೆ.

ಸಂಸಾರ ಇದ್ದರೆ ಪಬ್ಲಿಕ್. ಇದು ನನ್ನ ಗಟ್ಟಿ ಅಭಿಪ್ರಾಯ. ಪಬ್ಲಿಕ್‌ನಲ್ಲಿ ಸಂಬಳ ನೋಡಿ ಕಂತು, ಅದರಲ್ಲಿ ಸುಮಾರು ಅರ್ಧ ಕಂಪನಿಯದ್ದು. ಸಂಪಾದನೆ ಇಲ್ಲದ ಹೆಂಡತಿ ಅಥವಾ ಗಂಡ, ಮಕ್ಕಳು ಅದೇ ಕಂತಿನಲ್ಲಿ ಸೇರಿಕೊಳ್ಳುತ್ತಾರೆ. ಪ್ರೈವೇಟ್‌ನಲ್ಲಿ ಒಬ್ಬೊಬ್ಬರಿಗೂ ಬೇರೆ ಕಂತು. ಸಂಬಳ ಜಾಸ್ತಿ ಇರುವ ನೌಕರರಿಗೆ ಮಾತ್ರ ಪ್ರೈವೇಟ್ ಆಯ್ಕೆ ಸಿಗುತ್ತದೆ. 2025ರಲ್ಲಿ ಆ ಗೆರೆ ವರ್ಷಕ್ಕೆ 73,800 ಯೂರೋ ಇತ್ತು. ಚಿಕ್ಕ ವಯಸ್ಸಿನಲ್ಲಿ ಅಗ್ಗ ಕಾಣುತ್ತದೆ ನಿಜ. ಆದರೆ ಒಮ್ಮೆ ಹೋದರೆ ವಾಪಸ್ ಬರುವ ದಾರಿ ಕಿರಿದು, 55 ದಾಟಿದ ಮೇಲಂತೂ ಮುಚ್ಚಿಯೇ ಹೋಗುತ್ತದೆ.

ಮೂರು ನಂಬರ್ ಫ್ರಿಜ್ ಮೇಲೆ ಬರೆದಿಡಿ. ಜೀವಕ್ಕೆ ಅಪಾಯ, ಬೆಂಕಿ ಅಂದರೆ 112. ಪೊಲೀಸ್ 110. ರಾತ್ರಿ ಮಗುವಿಗೆ ಜ್ವರ, ಕ್ಲಿನಿಕ್ ಮುಚ್ಚಿದೆ, ಆದರೆ ಆಂಬುಲೆನ್ಸ್ ಬೇಕಾಗಿಲ್ಲ ಅಂದರೆ 116117.

## ಮನೆ ಒಳಗೆ, ಹೊರಗೆ

ರಾತ್ರಿ ಮಿಕ್ಸಿ ಹಾಕಿದ್ರೆ ಪೊಲೀಸರನ್ನ ಕರೀತಾರಂತೆ, ನಿಜಾನಾ?

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡಬಾರದು ಅಂತ ಕಾನೂನಿದೆ. ಭಾನುವಾರ, ಹಬ್ಬದ ದಿನ ಇಡೀ ದಿನವೂ ಶಾಂತವಾಗಿರಬೇಕು. ಡ್ರಿಲ್ಲಿಂಗ್ ಬೇಡ, ಗಾಜಿನ ಬಾಟಲಿ ಕಸದ ಡಬ್ಬಕ್ಕೆ ಹಾಕುವುದೂ ಬೇಡ. ಒಂದು ಸಲ ಮಿಕ್ಸಿ ಹಾಕಿದ್ದಕ್ಕೆ ಯಾರೂ ಪೊಲೀಸರನ್ನು ಕರೆಯುವುದಿಲ್ಲ. ಆದರೆ ದೋಸೆ ಹಿಟ್ಟು ರಾತ್ರಿ ಹನ್ನೊಂದಕ್ಕೆ ರುಬ್ಬುವ ಅಭ್ಯಾಸ ಇದ್ದರೆ ಅದನ್ನು ಸಂಜೆ ಏಳಕ್ಕೆ ತನ್ನಿ. ಮಕ್ಕಳು ಓಡಾಡುವ, ಅಳುವ ಸದ್ದನ್ನು ಕಾನೂನೂ ಸಹಿಸಿಕೊಳ್ಳುತ್ತದೆ. ಆದರೂ ಕೆಳಗಿನ ಮನೆಯವರಿಗೆ ಬಂದ ಹೊಸದರಲ್ಲೇ ಹೋಗಿ "ಚಿಕ್ಕ ಮಗು ಇದೆ" ಅಂತ ಪರಿಚಯ ಹೇಳಿಕೊಳ್ಳಿ. ಆ ಎರಡು ನಿಮಿಷ ತುಂಬ ಕೆಲಸಕ್ಕೆ ಬರುತ್ತದೆ.

ಭಾನುವಾರ ಅಂಗಡಿ ಮುಚ್ಚಿರುತ್ತದೆ. ಹಾಲು ತೀರಾ ಬೇಕೇ ಬೇಕು ಅಂದರೆ ಹಾಪ್ಟ್‌ಬಾನ್‌ಹೋಫ್‌ನಂಥ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿ ತೆರೆದಿರುತ್ತದೆ.

ಚಳಿಗಾಲದಲ್ಲಿ ಗೋಡೆ ಮೂಲೆಯಲ್ಲಿ ಕಪ್ಪಗೆ ಬೂಷ್ಟು ಬಂದಿದೆ. ಮಾಲೀಕರು ನಮ್ಮದೇ ತಪ್ಪು ಅಂತಾರೆ.

ಅಡುಗೆ, ಸ್ನಾನ, ಒಳಗೆ ಬಟ್ಟೆ ಒಣಗಿಸುವುದು, ನಮ್ಮ ಉಸಿರು, ಎಲ್ಲದರಿಂದ ತೇವ ಬರುತ್ತದೆ. ಕಿಟಕಿ ಮುಚ್ಚಿದ ಮನೆಯಲ್ಲಿ ಆ ತೇವ ತಣ್ಣನೆಯ ಗೋಡೆಗೆ ಹೋಗಿ ಕೂರುತ್ತದೆ. ಕುಕ್ಕರ್ ಹಬೆ ಜಾಸ್ತಿ ಇರುವ ನಮ್ಮ ಅಡುಗೆಗೆ ಇದು ಇನ್ನೂ ಬೇಗ ಆಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಹೀಟರ್ ತಗ್ಗಿಸಿ, ಕಿಟಕಿಗಳನ್ನು ಪೂರ್ತಿ ತೆರೆದು ಐದು ನಿಮಿಷ ಗಾಳಿ ಆಡಲು ಬಿಡಿ. ಕಿಟಕಿಯನ್ನು ಇಡೀ ದಿನ ಸ್ವಲ್ಪವೇ ಓರೆ ಮಾಡಿ ಇಟ್ಟರೆ ಗೋಡೆ ತಣ್ಣಗಾಗುತ್ತದೆ, ತೇವ ಹೋಗುವುದಿಲ್ಲ. ಕೆಲವೊಮ್ಮೆ ತಪ್ಪು ಗೋಡೆಯದ್ದೇ ಇರುತ್ತದೆ. ಫೋಟೋ ತೆಗೆದು, ತಾರೀಕು ಹಾಕಿ, ಮಾಲೀಕರಿಗೆ ಬರಹದಲ್ಲೇ ತಿಳಿಸಿ.

ಟಿಕೆಟ್ ಇತ್ತು, ಆದ್ರೂ 60 ಯೂರೋ ದಂಡ ಹಾಕಿದ್ರು. ಯಾಕೆ?

ಎರಡರಲ್ಲಿ ಒಂದು ಆಗಿರಬೇಕು. ಮೆಷೀನಿನಲ್ಲಿ ತೆಗೆದ ಕಾಗದದ ಟಿಕೆಟ್‌ಗೆ ರೈಲು ಹತ್ತುವ ಮೊದಲು ಮುದ್ರೆ ಹೊಡೆದಿರಲಿಲ್ಲ. ಇಲ್ಲವೇ ಎ, ಬಿ ವಲಯದ ಟಿಕೆಟ್ ಹಿಡಿದು ಊರಾಚೆಗಿನ ಸಿ ವಲಯಕ್ಕೆ ಹೋದಿರಿ. ವಿಮಾನ ನಿಲ್ದಾಣ ಸಿ ವಲಯದಲ್ಲಿದೆ. ಊರಿಂದ ಬರುವವರನ್ನು ಕರೆತರಲು ಹೊರಟವರೇ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಬರ್ಲಿನ್‌ನ ಶಾಲಾ ಮಕ್ಕಳಿಗೆ 2019ರಿಂದ ಎ, ಬಿ ವಲಯದ ಪಾಸ್ ಉಚಿತ, ಆದರೆ ಅರ್ಜಿ ಹಾಕಬೇಕು.

ಇಂಡಿಯಾ ಲೈಸೆನ್ಸ್‌ನಲ್ಲಿ ಕಾರು ಓಡಿಸಬಹುದಾ?

ಇಲ್ಲಿ ವಾಸ ಶುರುವಾದ ದಿನದಿಂದ ಆರು ತಿಂಗಳು ಮಾತ್ರ. ಆಮೇಲೆ ಬರಹದ ಪರೀಕ್ಷೆ, ರಸ್ತೆ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಬರಹದ್ದನ್ನು ಇಂಗ್ಲಿಷಿನಲ್ಲಿ ಬರೆಯಬಹುದು. ಲೈಸೆನ್ಸ್ ಇರುವವರಿಗೆ ಇಂತಿಷ್ಟು ಗಂಟೆ ಕ್ಲಾಸು ಕಡ್ಡಾಯ ಅಂತ ಇಲ್ಲ. ಆದರೂ ಕೆಲವು ಕ್ಲಾಸು ತೆಗೆದುಕೊಳ್ಳಿ. ಬೋರ್ಡ್ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು ಅನ್ನುವ ನಿಯಮ ನಮ್ಮ ಕೈಕಾಲಿಗೆ ಇಳಿಯಲು ಸಮಯ ಬೇಕು.

## ಮಕ್ಕಳು

ಕೀಟಾಗೆ ಸೇರಿಸೋದು ಹೇಗೆ? ಫೀಸ್ ಎಷ್ಟು?

ಕೀಟಾ ಅಂದರೆ ಶಾಲೆಗೆ ಮೊದಲಿನ ಶಿಶುವಿಹಾರ. ಒಂದು ವರ್ಷ ತುಂಬಿದ ಮಗುವಿಗೆ ಜಾಗ ಸಿಗಬೇಕು ಅನ್ನುವ ಹಕ್ಕು ಜರ್ಮನಿಯಲ್ಲಿ 2013ರ ಆಗಸ್ಟ್‌ನಿಂದ ಇದೆ. ಬರ್ಲಿನ್‌ನಲ್ಲಿ 2018ರಿಂದ ಫೀಸ್ ಇಲ್ಲ, ಊಟಕ್ಕೆ ಮಾತ್ರ ತಿಂಗಳಿಗೆ 23 ಯೂರೋ. ಕೆಲವು ಕಡೆ ತಿಂಡಿ, ಕಾರ್ಯಕ್ರಮ ಅಂತ ಸ್ವಲ್ಪ ಹೆಚ್ಚಿಗೆ ಕೇಳಬಹುದು. ಮೊದಲು ಮಕ್ಕಳ ವಿಷಯ ನೋಡಿಕೊಳ್ಳುವ ಜಿಲ್ಲೆಯ ಕಚೇರಿ ಯೂಗೆಂಡ್‌ಆಮ್ಟ್‌ನಿಂದ ಕೀಟಾ ಗುಟ್‌ಶೈನ್ ಅನ್ನುವ ಚೀಟಿ ತೆಗೆದುಕೊಳ್ಳಿ. ಬೇಕಾದ ದಿನಕ್ಕೆ ಒಂಬತ್ತು ತಿಂಗಳ ಮುಂಚೆಯಿಂದಲೇ ಅರ್ಜಿ ಹಾಕಬಹುದು. ಚೀಟಿ ಕೈಗೆ ಬಂದ ಮೇಲೆ ಕೀಟಾ ಹುಡುಕುವ ಕೆಲಸ ನಿಮ್ಮದು. ಮೇಲ್ ಕಳಿಸಿ ಸುಮ್ಮನೆ ಕೂರಬೇಡಿ, ಮಗುವನ್ನು ಕರೆದುಕೊಂಡು ಹೋಗಿ ಮುಖ ತೋರಿಸಿ ಮಾತಾಡಿ.

ದಡಾರದ ಲಸಿಕೆ ಹಾಕಿಸಿದ ಪುರಾವೆ ಇಲ್ಲದೆ ಕೀಟಾಗೆ ಸೇರಿಸಿಕೊಳ್ಳುವುದಿಲ್ಲ. 2020ರ ಮಾರ್ಚ್‌ನಿಂದ ಅದು ಕಾನೂನು. ಊರಿನ ಲಸಿಕೆ ಕಾರ್ಡನ್ನು ಕೈಚೀಲದಲ್ಲೇ ತನ್ನಿ.

ಕೀಟಾದಲ್ಲಿ ಮಗಳು ಬಾಯೇ ಬಿಡ್ತಿಲ್ಲವಂತೆ. ಮನೆಯಲ್ಲೂ ಜರ್ಮನ್ ಮಾತಾಡೋಕೆ ಶುರು ಮಾಡೋಣ್ವಾ ಅಕ್ಕ?

ಬೇಡ. ದಯವಿಟ್ಟು ಬೇಡ.

ನನ್ನ ಮಗಳು ನಾಲ್ಕು ತಿಂಗಳು ಅಲ್ಲಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದರೆ ಬಾಗಿಲಲ್ಲೇ ಮಾತಿನ ಮಳೆ. ನಾನು ಹೆದರಿ ನನ್ನ ಅರೆಬರೆ ಜರ್ಮನ್‌ನಲ್ಲಿ ಅವಳನ್ನು ಮಾತಾಡಿಸಿದೆ. ಅವಳು ನನ್ನ ಬಾಯಿ ಮೇಲೆ ಕೈ ಇಟ್ಟಳು. ಆ ಕೈ ಇವತ್ತಿಗೂ ನೆನಪಿದೆ. ಇಡೀ ದಿನ ಅರ್ಥವಾಗದ ಮಾತಿನ ನಡುವೆ ಕೂತು ಬಂದ ಮಗುವಿಗೆ, ಅರ್ಥವಾಗುವ ಒಂದೇ ಜಾಗ ಅಮ್ಮನ ಮಾತು. ಅದನ್ನೂ ನಾನು ತೆಗೆದುಬಿಡುತ್ತಿದ್ದೆ.

ಹೊಸ ಭಾಷೆಗೆ ಬಿದ್ದ ಮಕ್ಕಳು ಕೆಲವು ತಿಂಗಳು ಸುಮ್ಮನಿರುವುದು ಸಾಮಾನ್ಯ. ಅವರು ಕೇಳಿಸಿಕೊಳ್ಳುತ್ತಿರುತ್ತಾರೆ. ಒಂದು ದಿನ ಇದ್ದಕ್ಕಿದ್ದಂತೆ ಇಡೀ ವಾಕ್ಯ ಬರುತ್ತದೆ. ನಮ್ಮವಳದ್ದು "ಅದು ನನ್ನದು" ಅನ್ನುವ ಜಗಳದ ವಾಕ್ಯ. ಜರ್ಮನ್ ಕೀಟಾದಿಂದ, ಗೆಳೆಯರಿಂದ ಬಂದೇ ಬರುತ್ತದೆ. ಕನ್ನಡ ನಿಮ್ಮಿಂದ ಮಾತ್ರ ಬರಬೇಕು. ಮನೆಯಲ್ಲೂ ಮಾತು ನಿಂತಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಮಕ್ಕಳ ಡಾಕ್ಟರಿಗೆ ತೋರಿಸಿ.

ಮೊದಲ ವಾರಗಳಲ್ಲಿ ಅಪ್ಪ ಅಥವಾ ಅಮ್ಮ ಕೀಟಾದಲ್ಲೇ ಜೊತೆಗೆ ಕೂರುವ ಪದ್ಧತಿ ಇದೆ, ಅದನ್ನು ಪೂರ್ತಿ ಬಳಸಿಕೊಳ್ಳಿ. ಇದಕ್ಕೆ ಬರ್ಲಿನ್‌ನ ಹೆಸರಿನದ್ದೇ ಒಂದು ಕ್ರಮ ಇದೆ. ಮೊದಲ ಮೂರು ದಿನ ಅಗಲಿಕೆಯೇ ಇಲ್ಲ. ನಾಲ್ಕನೇ ದಿನ ಕೆಲವು ನಿಮಿಷ ಹೊರಗೆ ಹೋಗಿ ನೋಡುತ್ತಾರೆ. ಆಫೀಸಿಗೆ ಆತುರವಾಗಿ ಸೇರಬೇಕು ಅಂತ ಇದನ್ನು ಮೊಟಕು ಮಾಡಬೇಡಿ. ಸೇರುವ ತಾರೀಕನ್ನೇ ಒಂದು ತಿಂಗಳು ಮುಂದೆ ಹಾಕಿಸಿಕೊಳ್ಳಿ.

ಮಗನಿಗೆ ಒಂಬತ್ತು ವರ್ಷ, ಜರ್ಮನ್ ಒಂದಕ್ಷರ ಬರಲ್ಲ. ಯಾವ ಕ್ಲಾಸಿಗೆ ಹಾಕ್ತಾರೆ?

ಬರ್ಲಿನ್‌ನಲ್ಲಿ ವಿಲ್‌ಕೊಮೆನ್ಸ್‌ಕ್ಲಾಸೆ ಅಂತ ಇವೆ. ಭಾಷೆ ಬಾರದ ಮಕ್ಕಳಿಗೆ ಮೊದಲು ಅಲ್ಲಿ ಜರ್ಮನ್ ಕಲಿಸಿ, ಆಮೇಲೆ ಮಾಮೂಲಿ ತರಗತಿಗೆ ಕಳಿಸುತ್ತಾರೆ. ಒಂದು, ಎರಡನೇ ತರಗತಿ ವಯಸ್ಸಿನವರನ್ನು ಸಾಮಾನ್ಯವಾಗಿ ನೇರವಾಗಿ ಎಲ್ಲರ ಜೊತೆಗೇ ಕೂರಿಸುತ್ತಾರೆ. ಇಲ್ಲಿ ಪ್ರಾಥಮಿಕ ಶಾಲೆ ಆರನೇ ತರಗತಿವರೆಗೆ. ಜರ್ಮನಿಯ ಬೇರೆ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕಕ್ಕೇ ಮುಗಿದು ಮಕ್ಕಳನ್ನು ಬೇರೆ ಬೇರೆ ಶಾಲೆಗೆ ಹಂಚುತ್ತಾರೆ. ತಡವಾಗಿ ಬಂದ ಮಗುವಿಗೆ ಈ ಎರಡು ವರ್ಷ ದೊಡ್ಡ ವರ.

ಟಿಕೆಟ್ ಅಗ್ಗ ಇದೆ, ರಜೆಗೆ ಒಂದು ವಾರ ಮೊದಲೇ ಊರಿಗೆ ಹೊರಡಬಹುದಾ?

ಮಗು ಶಾಲೆಗೆ ಸೇರಿದ ಮೇಲೆ ಆಗುವುದಿಲ್ಲ. ಶಾಲೆಯ ಒಪ್ಪಿಗೆ ಇಲ್ಲದೆ ಕರೆದುಕೊಂಡು ಹೋದರೆ ದಂಡ ಬೀಳಬಹುದು. ಟಿಕೆಟ್ ಅಗ್ಗ ಅನ್ನುವುದು ಕಾರಣ ಅಲ್ಲ. ಮನೆಯಲ್ಲಿ ಸಾವು, ತೀರಾ ಹತ್ತಿರದವರ ಮದುವೆ ಅಂದರೆ ಮೊದಲೇ ಬರೆದು ಕೇಳಿ, ಕೊಡುತ್ತಾರೆ. ಬೇಸಿಗೆ ರಜೆ ಆರು ವಾರ, ತಾರೀಕು ವರ್ಷಗಳ ಮುಂಚೆಯೇ ಗೊತ್ತಿರುತ್ತದೆ. ಅದನ್ನು ನೋಡಿಯೇ ಊರಿನ ಕಾರ್ಯಕ್ರಮದ ದಿನ ಇಡಿ ಅಂತ ಮನೆಯವರಿಗೆ ಹೇಳಿ.

ಮಕ್ಕಳಿಗೆ ಸರಕಾರ ದುಡ್ಡು ಕೊಡುತ್ತಂತೆ, ನಮಗೂ ಸಿಗುತ್ತಾ?

ಬ್ಲೂ ಕಾರ್ಡ್, ಅಂದರೆ ಓದಿದ ಹೊರದೇಶದ ಕೆಲಸಗಾರರಿಗೆ ಕೊಡುವ ವಾಸದ ಅನುಮತಿ, ಇರುವವರಿಗೆ ಸಿಗುತ್ತದೆ. ಈ ದುಡ್ಡಿಗೆ ಕಿಂಡರ್‌ಗೆಲ್ಡ್ ಅನ್ನುತ್ತಾರೆ, 2025ರಲ್ಲಿ ಮಗುವಿಗೆ ತಿಂಗಳಿಗೆ 255 ಯೂರೋ ಇತ್ತು. ಅರ್ಜಿ ಹಾಕಿದ ದಿನದಿಂದ ಹಿಂದಿನ ಆರು ತಿಂಗಳದ್ದು ಮಾತ್ರ ಸಿಗುತ್ತದೆ. ಅದಕ್ಕಿಂತ ತಡ ಮಾಡಿದರೆ ಅದರ ಹಿಂದಿನದ್ದು ಹೋಯಿತು.

## ಕೆಲಸ ಬಿಟ್ಟು ಜೊತೆಗೆ ಬಂದವರಿಗೆ

ಅವರಿಗೆ ಆಫೀಸಿದೆ, ಮಗುವಿಗೆ ಕೀಟಾ ಇದೆ. ನನಗೆ ಇಲ್ಲಿ ಏನಿದೆ?

ಈ ಪ್ರಶ್ನೆ ನನ್ನ ಹತ್ತಿರ ಬರುವುದು ರಾತ್ರಿ, ಎಲ್ಲ ಮಲಗಿದ ಮೇಲೆ. ಬರೆದವರು ಇಂಜಿನಿಯರ್, ಲೆಕ್ಚರರ್, ನರ್ಸ್, ಬ್ಯಾಂಕಿನವರು. ಊರಲ್ಲಿ ಅವರಿಗೆ ಸಂಬಳ ಇತ್ತು, ಸ್ಕೂಟರ್ ಇತ್ತು. ಇಲ್ಲಿ ಒಂದು ಪತ್ರ ಓದಲೂ ಗಂಡ ಬರುವ ತನಕ ಕಾಯಬೇಕು. ಮನೆಯವರೆಲ್ಲ ಒಟ್ಟಿಗೆ ಬಂದರೂ ಎಲ್ಲರೂ ಒಟ್ಟಿಗೆ ನೆಲೆಯಾಗುವುದಿಲ್ಲ. ನಮ್ಮ ಮನೆಯಲ್ಲಿ ಗಂಡನಿಗೆ ಎರಡು ತಿಂಗಳು ಸಾಕಾಯಿತು, ಮಗಳಿಗೆ ಒಂದು ವರ್ಷ, ನನಗೆ ಮೂರು. ಅದು ಸೋಮಾರಿತನ ಅಲ್ಲ, ಹೊಂದಿಕೊಳ್ಳದ ಸ್ವಭಾವವೂ ಅಲ್ಲ. ಅವರಿಬ್ಬರಿಗೂ ಬೆಳಗ್ಗೆ ಎದ್ದರೆ ಹೋಗಲು ಜಾಗ ಇತ್ತು, ನನಗೆ ಇರಲಿಲ್ಲ.

ಹಾಗಾಗಿ ಮೊದಲು ಹೋಗಲು ಒಂದು ಜಾಗ ಮಾಡಿಕೊಳ್ಳಿ. ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ಕೆಲಸ ಮಾಡುವ ಪೂರ್ತಿ ಹಕ್ಕಿದೆ, ಬೇರೆ ಅನುಮತಿ ಬೇಡ. ಕೆಲಸ ಸಿಗುವ ತನಕ ಭಾಷೆಯ ತರಗತಿ. ಬರ್ಲಿನ್‌ನ 12 ಜಿಲ್ಲೆಗಳಲ್ಲೂ ಫೋಕ್ಸ್‌ಹೋಖ್‌ಶೂಲೆ ಅನ್ನುವ ಸಾರ್ವಜನಿಕ ಶಾಲೆಗಳಿವೆ, ದೊಡ್ಡವರಿಗೆ ಕಡಿಮೆ ಖರ್ಚಿನಲ್ಲಿ ಕಲಿಸುತ್ತಾರೆ. ಮನೆಯಲ್ಲಿ ಕೂತು ಮೊಬೈಲಿನಲ್ಲಿ ಕಲಿಯುವುದಕ್ಕಿಂತ ಅಲ್ಲಿಗೇ ಹೋಗಿ. ನನ್ನ ತರಗತಿಯಲ್ಲಿ ಸಿರಿಯಾದವರು, ವಿಯೆಟ್ನಾಂನವರು, ಬ್ರೆಜಿಲ್‌ನವರು ಇದ್ದರು. ಎಲ್ಲರಿಗೂ ಅರೆಬರೆ ಜರ್ಮನ್ನೇ. ನಾಚಿಕೆ ಬಿಟ್ಟು ಮಾತಾಡಿದ್ದು ಅಲ್ಲಿಯೇ.

ಗಂಡಂದಿರಿಗೂ ಒಂದು ಮಾತು. ಹೆಂಡತಿಯ ಹೆಸರಿನಲ್ಲೂ ಬ್ಯಾಂಕ್ ಖಾತೆ ಇರಲಿ, ಬಾಡಿಗೆ ಕರಾರಿನಲ್ಲಿ ಅವರದ್ದೂ ಸಹಿ ಇರಲಿ. ಪತ್ರ ಬಂದರೆ ನೀವೇ ಓದಿ ಮುಗಿಸಬೇಡಿ, ಇಬ್ಬರೂ ಕೂತು ಓದಿ.

ಜರ್ಮನ್ ತುಂಬ ಕಷ್ಟನಾ?

ಕನ್ನಡದವರಿಗೆ ಎರಡು ಕಡೆ ಸಲೀಸು. ಒಂದು, ಅವರಲ್ಲೂ ನೀನು, ನೀವು ಇದೆ. ಡು ಅಂದರೆ ನೀನು, ಜೀ ಅಂದರೆ ನೀವು. ಯಾರಿಗೆ ಯಾವುದು ಅನ್ನುವುದು ನಮಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಇನ್ನೊಂದು, "ಯಾಕೆಂದರೆ" ಅಂತ ಶುರುವಾಗುವಂಥ ಉಪವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಮ್ಮ ಹಾಗೆಯೇ. ಕಷ್ಟ ಇರುವುದು ಲಿಂಗದಲ್ಲಿ. ಮೇಜು ಗಂಡು, ದೀಪ ಹೆಣ್ಣು, ಪುಸ್ತಕ ನಪುಂಸಕ. ಪದ ಕಲಿಯುವಾಗಲೇ ಲಿಂಗ ಸೇರಿಸಿ ಕಲಿಯಿರಿ.

ನವೆಂಬರ್ ಬಂತು ಅಂದ್ರೆ ಅಳು ಬರುತ್ತೆ. ನನಗೊಬ್ಬಳಿಗೇನಾ?

ಅಲ್ಲ. ಡಿಸೆಂಬರ್ ಕೊನೆಗೆ ಇಲ್ಲಿ ಬೆಳಗ್ಗೆ ಎಂಟೂಕಾಲಿಗೆ ಸೂರ್ಯ ಹುಟ್ಟಿ, ನಾಲ್ಕು ಗಂಟೆ ಹೊತ್ತಿಗೇ ಮುಳುಗುತ್ತಾನೆ. ಮೋಡ ಇದ್ದರೆ ಅದೂ ಕಾಣುವುದಿಲ್ಲ. ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ ಅರ್ಧ ಗಂಟೆಯಾದರೂ ಹೊರಗೆ ನಡೆಯಿರಿ, ಮೋಡ ಇದ್ದರೂ ಸರಿ. ವಿಟಮಿನ್ ಡಿ ಬಗ್ಗೆ ಡಾಕ್ಟರನ್ನು ಕೇಳಿ. ವಾರಗಟ್ಟಲೆ ಏಳಲೇ ಮನಸ್ಸಿಲ್ಲ ಅಂದರೆ ಅದನ್ನೂ ಡಾಕ್ಟರಿಗೆ ಹೇಳಿ, ಜ್ವರದ ಹಾಗೆ ಅದೂ ಕಾಯಿಲೆಯೇ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು ಇರುತ್ತದೆ. ಆಗ ಮಕ್ಕಳನ್ನು ಮಲಗಿಸಲು ದಪ್ಪ ಪರದೆ ಬೇಕಾಗುತ್ತದೆ.

## ಕೆಲವು ವರ್ಷ ಕಳೆದ ಮೇಲೆ

ಪರ್ಮನೆಂಟ್ ಯಾವಾಗ ಸಿಗುತ್ತೆ? ಪೌರತ್ವ ತಗೊಳ್ಳೋದಾ ಬೇಡ್ವಾ?

ಬ್ಲೂ ಕಾರ್ಡ್‌ನವರಿಗೆ 27 ತಿಂಗಳಿಗೆ ಕಾಯಂ ವಾಸದ ಅನುಮತಿ ಸಿಗಬಹುದು. ದಿನನಿತ್ಯದ ಮಾತಿಗೆ ಸಾಕಾಗುವ ಬಿ1 ಮಟ್ಟದ ಜರ್ಮನ್ ಇದ್ದರೆ 21 ತಿಂಗಳಿಗೇ. ಪೌರತ್ವಕ್ಕೆ 2024ರ ಜೂನ್‌ನಿಂದ ಐದು ವರ್ಷ ಸಾಕು. ಮೂರು ವರ್ಷದ ಅವಸರದ ದಾರಿಯನ್ನು 2025ರಲ್ಲಿ ತೆಗೆದುಹಾಕಿದರು. 33 ಪ್ರಶ್ನೆಗಳ ಒಂದು ಪರೀಕ್ಷೆ ಇದೆ, 17 ಸರಿ ಇದ್ದರೆ ಪಾಸು.

ಎರಡು ಪೌರತ್ವ ಇಟ್ಟುಕೊಳ್ಳಲು ಜರ್ಮನಿ ಈಗ ಬಿಡುತ್ತದೆ, ಭಾರತ ಬಿಡುವುದಿಲ್ಲ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ತೆಗೆದುಕೊಳ್ಳಬೇಕು. ಅದರಲ್ಲಿ ವೋಟು ಇಲ್ಲ, ಊರಲ್ಲಿ ಹೊಲ ಕೊಳ್ಳುವ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ನಾವು ಮೂರು ವರ್ಷ ಇದನ್ನೇ ಚರ್ಚೆ ಮಾಡಿದೆವು. ಗಂಡ ತೆಗೆದುಕೊಂಡರು, ನಾನು ಇನ್ನೂ ಇಲ್ಲ. ಒಂದೇ ಮನೆಯಲ್ಲಿ ಎರಡು ಬಣ್ಣದ ಪಾಸ್‌ಪೋರ್ಟ್ ಇದ್ದರೆ ಏನೂ ಆಗುವುದಿಲ್ಲ.

ಅಪ್ಪ ಅಮ್ಮನಿಗೆ ವಯಸ್ಸಾಯ್ತು. ಇಲ್ಲಿಗೇ ಕರೆಸಿಕೊಳ್ಳಬಹುದಾ?

ನೋಡಿ ಹೋಗಲು ಬರಬಹುದು, 180 ದಿನದಲ್ಲಿ 90 ದಿನ. ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಹಳೆಯ ಕಾಯಿಲೆಗಳಿಗೆ ಅದು ಎಷ್ಟು ಕೊಡುತ್ತದೆ ಅಂತ ಓದಿಯೇ ತೆಗೆದುಕೊಳ್ಳಿ, ಬಿಪಿ ಸಕ್ಕರೆ ಇರುವವರಿಗೆ ಮುಖ್ಯ ಅದೇ.

ಕಾಯಂ ಆಗಿ ಕರೆಸಿಕೊಳ್ಳುವ ದಾರಿ ಮೊದಲು ಇರಲಿಲ್ಲ ಅನ್ನಬಹುದು. 2024ರ ಮಾರ್ಚ್ 1 ಅಥವಾ ಆಮೇಲೆ ಮೊದಲ ಬಾರಿ ಬ್ಲೂ ಕಾರ್ಡ್‌ನಂಥ ಅನುಮತಿ ಪಡೆದವರಿಗೆ ಈಗ ತೆರೆದಿದೆ. ಆದರೆ ಅಪ್ಪ ಅಮ್ಮನಿಗೆ ಇಲ್ಲಿ ಪೂರ್ತಿ ಆರೋಗ್ಯ ವಿಮೆ ಮಾಡಿಸಬೇಕು, ವಯಸ್ಸಾದವರಿಗೆ ಅದು ಸಿಗುವುದೇ ಕಷ್ಟ, ಸಿಕ್ಕರೂ ದುಬಾರಿ. ಅರ್ಜಿಗೆ ಮೊದಲು ವಿಮೆ ವಿಚಾರಿಸಿ. ಮತ್ತೆ, ಅವರನ್ನೂ ಕೇಳಿ. ನನ್ನ ಅತ್ತೆ ಎರಡು ತಿಂಗಳಿದ್ದು "ಇಲ್ಲಿ ಕಿಟಕಿಯಿಂದ ಯಾರನ್ನೂ ಕೂಗೋಕಾಗಲ್ಲ" ಅಂದರು. ಪ್ರತಿ ಬೇಸಿಗೆ ಬರುತ್ತಾರೆ, ಮಳೆಗಾಲ ಮುಗಿಯುವಷ್ಟರಲ್ಲಿ ಊರು ಸೇರುತ್ತಾರೆ. ಅವರಿಗೆ ಅದೇ ಸರಿ.

ಅಪ್ಪ ಅಮ್ಮ ಬರುವ ಹಿಂದಿನ ದಿನ ಅಂಚೆ ಡಬ್ಬದ ಮೇಲೆ ಅವರ ಹೆಸರನ್ನೂ ಅಂಟಿಸಿ. ಇಲ್ಲಿ ಡಾಕ್ಟರಿಗೆ ತೋರಿಸಿದರೆ ಬಿಲ್ಲು ಅವರ ಹೆಸರಿಗೇ ಅಂಚೆಯಲ್ಲಿ ಬರುತ್ತದೆ.